ಜೀನ್ ಎಲ್ಲ ಕೋಶದಲ್ಲೂ ಇದೆ, ರೇಷ್ಮೆ ಬರುವುದು ಒಂದೇ ಕಡೆ

ರೇಷ್ಮೆ ಹುಳುವಿನ ಕಾಲಿನಿಂದ ಒಂದು ಜೀವಕೋಶ ತೆಗೆದು ನೋಡಿದರೆ ಅದರೊಳಗೆ ರೇಷ್ಮೆಯ ಜೀನ್ ಇರುತ್ತದೆ. ಕರುಳಿನ ಕೋಶದಲ್ಲೂ ಇರುತ್ತದೆ, ಚರ್ಮದ ಕೋಶದಲ್ಲೂ ಇರುತ್ತದೆ, ಕಣ್ಣಿನ ಕೋಶದಲ್ಲೂ ಇರುತ್ತದೆ. ಆದರೂ ಕಾಲಿನಲ್ಲಿ ನೂಲು ಹುಟ್ಟುವುದಿಲ್ಲ, ಕರುಳಿನಲ್ಲೂ ಹುಟ್ಟುವುದಿಲ್ಲ. ಹುಳುವಿನ ಮೈಯೊಳಗೆ ಎಡಕ್ಕೊಂದು, ಬಲಕ್ಕೊಂದು ರೇಷ್ಮೆ ಗ್ರಂಥಿ ಮಡಿಚಿಕೊಂಡು ಕೂತಿದೆ. ಒಂದೊಂದು ಗ್ರಂಥಿಯ ಹಿಂಭಾಗದಲ್ಲಿ ಸುಮಾರು 500 ಕೋಶಗಳಿವೆ. ರೇಷ್ಮೆ ಎಳೆಯ ತಿರುಳಾದ ಫೈಬ್ರೊಯಿನ್ ಎಂಬ ಪ್ರೋಟೀನು ತಯಾರಾಗುವುದು ಆ ಕೋಶಗಳಲ್ಲಿ ಮಾತ್ರ.

ಜೀನ್ ಇರುವುದು ಬೇರೆ, ಜೀನ್ ಕೆಲಸಕ್ಕೆ ಇಳಿಯುವುದು ಬೇರೆ. ಕೆಲಸಕ್ಕೆ ಇಳಿಯುವುದನ್ನು ವಿಜ್ಞಾನಿಗಳು ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ‘ಬೊಜ್ಜಿನ ಜೀನ್ ಪತ್ತೆ’, ‘ಸಿಟ್ಟಿನ ಜೀನ್ ಪತ್ತೆ’ ಎಂಬ ತಲೆಬರಹಗಳನ್ನು ಓದಿ ಜೀನ್ ಅಂದರೆ ಹಣೆಬರಹ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಹಣೆಬರಹವೇ ಆಗಿದ್ದರೆ ರೇಷ್ಮೆ ಹುಳು ಮೈತುಂಬ ನೂಲು ಸುರಿಸಿಕೊಂಡು ಓಡಾಡಬೇಕಿತ್ತು.

ಈ ಸಂಗತಿ ಅರ್ಥವಾಗಲು ಕನ್ನಡದ ಓದುಗರು ದೂರದ ಪ್ರಾಣಿಯನ್ನು ಹುಡುಕಬೇಕಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಕೃಷಿ ಇಂದು ರಾಮನಗರ, ಶಿಡ್ಲಘಟ್ಟ, ಕೋಲಾರ, ಮಂಡ್ಯದ ಕಡೆ ಸಾವಿರಾರು ಮನೆಗಳ ಬದುಕು. ಹುಳು ಪೊರೆ ಕಳಚಲು ಎಷ್ಟನೇ ಜ್ವರಕ್ಕೆ ಕೂತಿದೆ, ಯಾವಾಗ ಏಳುತ್ತದೆ, ಯಾವಾಗ ಹಣ್ಣಾಗಿ ನೂಲಲು ಸಿದ್ಧವಾಗುತ್ತದೆ, ಯಾವಾಗ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು ಎಂದು ಬೆಳೆಗಾರರು ಹಾಕುವ ಲೆಕ್ಕ ಒಳಗಿನಿಂದ ನೋಡಿದರೆ ಜೀನ್‌ಗಳ ವೇಳಾಪಟ್ಟಿಯ ಲೆಕ್ಕವೇ.

ಕೋಶದೊಳಗೆ ಏನಿದೆ

ಹುಳುವಿರಲಿ, ಮನುಷ್ಯನಿರಲಿ, ಹಿಪ್ಪುನೇರಳೆ ಗಿಡವಿರಲಿ, ಜೀವಕೋಶದ ಮೂಲ ವಿನ್ಯಾಸ ಒಂದೇ. ಹೊರಗೆ ತೆಳುವಾದ ಪೊರೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದನ್ನು ಅದು ನಿಯಂತ್ರಿಸುತ್ತದೆ. ಒಳಗೆ ಕೋಶದ್ರವ. ಅದರ ನಡುವೆ ಮತ್ತೊಂದು ಪೊರೆಯಿಂದ ಆವೃತವಾದ ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ. ಡಿಎನ್‌ಎ ಇರುವುದು ಮುಖ್ಯವಾಗಿ ಅಲ್ಲಿಯೇ. ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ ಮೈಟೋಕಾಂಡ್ರಿಯಾಗಳಲ್ಲೂ ಅಲ್ಪಸ್ವಲ್ಪ ಡಿಎನ್‌ಎ ಉಂಟು. ಕೋಶಕೇಂದ್ರದ ಹೊರಗೆ ಮಡಿಕೆ ಮಡಿಕೆಯಾಗಿ ಹಬ್ಬಿರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಪೊರೆಗಳ ಜಾಲ. ಅದಕ್ಕೆ ಅಂಟಿಕೊಂಡೂ ಕೋಶದ್ರವದಲ್ಲಿ ಬಿಡಿಬಿಡಿಯಾಗಿಯೂ ಇರುವ ರೈಬೋಸೋಮುಗಳು. ಪ್ರೋಟೀನನ್ನು ಕಟ್ಟುವುದು ಈ ರೈಬೋಸೋಮುಗಳೇ. ಕಟ್ಟಿದ್ದನ್ನು ಪರಿಷ್ಕರಿಸಿ, ಪುಟ್ಟ ಕೋಶಿಕೆಗಳಲ್ಲಿ ತುಂಬಿ ಹೊರಗೆ ಕಳಿಸಲು ಸಜ್ಜು ಮಾಡುವುದು ಗಾಲ್ಗಿ ಎಂಬ ಭಾಗ.

ಡಿಎನ್‌ಎ ಅಂದರೆ ನಾಲ್ಕೇ ರಾಸಾಯನಿಕ ಅಕ್ಷರಗಳ ಬಲು ಉದ್ದದ ಎಳೆ. ಎ, ಟಿ, ಜಿ, ಸಿ ಎಂದು ಅವನ್ನು ಗುರುತಿಸುತ್ತಾರೆ. ರೇಷ್ಮೆ ಹುಳುವಿನಲ್ಲಿ ಇದು 28 ಜೊತೆ ಕ್ರೋಮೋಸೋಮುಗಳಾಗಿ ಹಂಚಿಕೊಂಡಿದೆ. ಜೊತೆಗೊಂದರಂತೆ ಎಣಿಸಿದ ಒಂದು ವರಸೆಯ ಡಿಎನ್‌ಎಯಲ್ಲಿ ಸುಮಾರು 45 ಕೋಟಿ ಅಕ್ಷರಗಳು. ಜಪಾನಿನ ತಂಡವೊಂದು, ಚೀನಾದ ತಂಡವೊಂದು ಬೇರೆಬೇರೆಯಾಗಿ 2004ರಲ್ಲಿ ಇದರ ಮೊದಲ ಕರಡನ್ನು ಓದಿ ಮುಗಿಸಿದವು. ಈ ಉದ್ದದ ಎಳೆಯಲ್ಲಿ ಅಲ್ಲಲ್ಲಿ, ಒಂದು ಪ್ರೋಟೀನನ್ನೋ ಡಿಎನ್‌ಎಯ ನಕಲಾದ ಒಂದು ಆರ್‌ಎನ್‌ಎಯನ್ನೋ ತಯಾರಿಸಲು ಬೇಕಾದ ವಿವರ ಹೊತ್ತ ಭಾಗವೇ ಜೀನ್. ಮನುಷ್ಯನಲ್ಲಿ ಪ್ರೋಟೀನ್‌ಗೆ ಸಂಬಂಧಿಸಿದ ಜೀನ್‌ಗಳು ಸುಮಾರು 20 ಸಾವಿರ.

ರೇಷ್ಮೆ ಗ್ರಂಥಿಯ ಕೋಶಗಳು ಈ ಸಾಮಾನ್ಯ ವಿನ್ಯಾಸವನ್ನೇ ಇಟ್ಟುಕೊಂಡು ಅಸಾಮಾನ್ಯವಾಗಿ ಬೆಳೆಯುತ್ತವೆ. ಹುಳು ಇನ್ನೂ ಮೊಟ್ಟೆಯೊಳಗಿದ್ದಾಗಲೇ ಗ್ರಂಥಿಯಲ್ಲಿ ಎಷ್ಟು ಕೋಶ ಇರಬೇಕೆಂಬುದು ತೀರ್ಮಾನವಾಗಿಬಿಡುತ್ತದೆ. ಆಮೇಲೆ ಅವು ಒಡೆದು ಎರಡಾಗುವುದಿಲ್ಲ, ಬರೀ ಉಬ್ಬುತ್ತವೆ. ಮೊಟ್ಟೆಯಿಂದ ಹೊರಬಂದ ಹುಳುವಿನ ತೂಕ ಹಣ್ಣಾಗುವ ಹೊತ್ತಿಗೆ ಸುಮಾರು 10 ಸಾವಿರ ಪಟ್ಟು ಹೆಚ್ಚುತ್ತದೆ. ಆ ತೂಕದಲ್ಲಿ ಶೇ 40ರಷ್ಟು ರೇಷ್ಮೆ ಗ್ರಂಥಿಯದ್ದೇ ಆಗಬಹುದು. ಗ್ರಂಥಿಯೆಂದರೆ ಒಂದು ಕೊಳವೆ. ಒಂದೊಂದು ಕೋಶವೂ ಎಷ್ಟು ದೊಡ್ಡದೆಂದರೆ, ಎರಡೇ ಕೋಶಗಳು ಸೇರಿ ಕೊಳವೆಯ ಸುತ್ತಳತೆಯನ್ನು ಮುಚ್ಚುತ್ತವೆ. ಕೋಶ ಒಡೆಯದಿದ್ದರೂ ಒಳಗಿನ ಡಿಎನ್‌ಎ ಮಾತ್ರ ಮತ್ತೆ ಮತ್ತೆ ಇಮ್ಮಡಿಯಾಗುತ್ತ ಹೋಗಿ ಲಕ್ಷಗಟ್ಟಲೆ ಪ್ರತಿಗಳಾಗುತ್ತವೆ. ಇಷ್ಟನ್ನು ತುಂಬಿಕೊಂಡ ಕೋಶಕೇಂದ್ರ ಗುಂಡಗೆ ಉಳಿಯಲಾರದೆ ಕವಲು ಕವಲಾಗಿ ಕೋಶವನ್ನೆಲ್ಲ ಆವರಿಸುತ್ತದೆ.

ಬಾಲ್ಟಿಮೋರ್‌ನಲ್ಲಿ ಎದ್ದ ಪ್ರಶ್ನೆ

ಕೆಲವೇ ನೂರು ಕೋಶಗಳಿಂದ ಇಷ್ಟೊಂದು ರೇಷ್ಮೆ ಬರುವುದು ಹೇಗೆ? ಒಂದು ಸಲೀಸಾದ ಉತ್ತರ ಹೊಳೆಯುತ್ತದೆ. ಆ ಕೋಶಗಳಲ್ಲಿ ರೇಷ್ಮೆಯ ಜೀನ್ ಒಂದನ್ನೇ ವಿಶೇಷವಾಗಿ ಸಾವಿರಾರು ಪ್ರತಿ ಮಾಡಿಕೊಂಡಿರಬಹುದಲ್ಲ? ಇದು ಹುಸಿ ಊಹೆಯೇನೂ ಆಗಿರಲಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಕಾರ್ನೆಗಿ ಸಂಸ್ಥೆಯ ಭ್ರೂಣವಿಜ್ಞಾನ ವಿಭಾಗದಲ್ಲಿ ಡೊನಾಲ್ಡ್ ಬ್ರೌನ್ ಮತ್ತು ಇಗೋರ್ ಡೇವಿಡ್ 1968ರಲ್ಲಿ ಕಪ್ಪೆಯ ಅಂಡಕೋಶದಲ್ಲಿ ಇಂಥದ್ದೇ ಒಂದನ್ನು ತೋರಿಸಿದ್ದರು. ರೈಬೋಸೋಮ್ ಕಟ್ಟಲು ಬೇಕಾದ ಆರ್‌ಎನ್‌ಎ ಜೀನ್‌ಗಳನ್ನು ಮಾತ್ರ ಆ ಕೋಶ ಬೇರೆಯಾಗಿ ಪ್ರತಿ ಮಾಡಿಕೊಳ್ಳುತ್ತಿತ್ತು. ಹಾಗಾದರೆ ಒಂದು ಕೆಲಸದಲ್ಲಿ ಪಳಗಿದ ಪ್ರತಿಯೊಂದು ಕೋಶವೂ ತನಗೆ ಬೇಕಾದ ಜೀನ್ ಅನ್ನು ಹೀಗೆಯೇ ಹೆಚ್ಚಿಸಿಕೊಳ್ಳುತ್ತದೆಯೇ?

ಉತ್ತರ ಹುಡುಕಲು ಬ್ರೌನ್ ಅವರೊಂದಿಗೆ ಸೇರಿದವರು ಜಪಾನಿನ ಯೋಶಿಯಾಕಿ ಸುಜುಕಿ. ಅವರು ರೇಷ್ಮೆ ಹುಳುವನ್ನು ಆರಿಸಿಕೊಂಡದ್ದರ ಹಿಂದೆ ಜಾಣ ಲೆಕ್ಕಾಚಾರವಿತ್ತು. ಪ್ರೋಟೀನುಗಳು 20 ಬಗೆಯ ಅಮೈನೋ ಆಮ್ಲಗಳಿಂದ ಆದವು. ಆದರೆ ಫೈಬ್ರೊಯಿನ್‌ನಲ್ಲಿ ಗ್ಲೈಸೀನ್, ಅಲನೀನ್, ಸೆರೀನ್ ಎಂಬ ಮೂರೇ ಸೇರಿ ಶೇ 85ಕ್ಕಿಂತ ಹೆಚ್ಚು. ಗ್ಲೈಸೀನ್ ಒಂದೇ ಹೆಚ್ಚುಕಡಿಮೆ ಅರ್ಧದಷ್ಟು. ಯಾವ ಅಕ್ಷರಗಳು ಯಾವ ಅಮೈನೋ ಆಮ್ಲವನ್ನು ಸೂಚಿಸುತ್ತವೆ ಎಂಬ ಜೈವಿಕ ಸಂಕೇತಲಿಪಿಯನ್ನು ಆ ಹೊತ್ತಿಗೆ ಬಿಡಿಸಿಯಾಗಿತ್ತು. ಆ ಕೆಲಸಕ್ಕಾಗಿ ಹರಗೋಬಿಂದ್ ಖುರಾನಾ, ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ 1968ರಲ್ಲಿ ನೊಬೆಲ್ ಪಡೆದಿದ್ದರು. ಗ್ಲೈಸೀನ್‌ನ ಸಂಕೇತ ‘ಜಿಜಿ’ಯಿಂದಲೂ ಅಲನೀನ್‌ನ ಸಂಕೇತ ‘ಜಿಸಿ’ಯಿಂದಲೂ ಶುರುವಾಗುತ್ತವೆ ಎಂದು ಗೊತ್ತಿತ್ತು. ಹಾಗಾದರೆ ದೊಡ್ಡ ಪ್ರೋಟೀನಾದ ಫೈಬ್ರೊಯಿನ್‌ನ ಸಂದೇಶ ಹೊತ್ತ ಆರ್‌ಎನ್‌ಎ ತೀರಾ ಉದ್ದವಾಗಿರಬೇಕು, ಅದರಲ್ಲಿ ಜಿ ಅಕ್ಷರ ವಿಪರೀತ ಇರಬೇಕು. ಕೋಶದಲ್ಲಿರುವ ಸಾವಿರಾರು ಬಗೆಯ ಆರ್‌ಎನ್‌ಎಗಳ ನಡುವೆ ಬೇಕಾದ ಒಂದನ್ನು ಗುರುತಿಸಲು ಅಷ್ಟು ಸಾಕಾಯಿತು. 1972ರಲ್ಲಿ ಸುಜುಕಿ, ಬ್ರೌನ್ ಅದನ್ನು ಬೇರ್ಪಡಿಸಿದರು. ಉನ್ನತ ಜೀವಿಗಳಿಂದ ಹೀಗೆ ಗುರುತು ಹಿಡಿದು ಬೇರ್ಪಡಿಸಿದ ಮೊದಮೊದಲ ಸಂದೇಶವಾಹಕ ಆರ್‌ಎನ್‌ಎಗಳಲ್ಲಿ ಅದೂ ಒಂದು. ಕೋವಿಡ್ ಲಸಿಕೆಯ ದೆಸೆಯಿಂದ ಈಗ ಎಲ್ಲರ ಬಾಯಲ್ಲೂ ಇರುವ ಎಂಆರ್‌ಎನ್‌ಎ ಎಂದರೆ ಇದೇ ಜಾತಿಯದು.

ಕೈಗೆ ಸಿಕ್ಕ ಆರ್‌ಎನ್‌ಎಯನ್ನು ಡಿಎನ್‌ಎಯೊಂದಿಗೆ ಜೋಡಿಸಿ, ಆ ಜೀನ್‌ನ ಪ್ರತಿಗಳು ಎಲ್ಲೆಲ್ಲಿ ಎಷ್ಟೆಷ್ಟಿವೆ ಎಂದು ಅವರ ತಂಡ ಅಳೆಯಿತು. ಸಲೀಸಾದ ಉತ್ತರ ಬಿದ್ದುಹೋಯಿತು. ಒಂದು ವರಸೆಯ ಡಿಎನ್‌ಎಗೆ ಒಂದರಿಂದ ಮೂರು ಪ್ರತಿ. ರೇಷ್ಮೆ ಗ್ರಂಥಿಯ ಹಿಂಭಾಗದಲ್ಲೂ ಅಷ್ಟೇ, ಹುಳುವಿನ ಉಳಿದ ಮೈಯಲ್ಲೂ ಅಷ್ಟೇ. ಗ್ರಂಥಿಯ ಕೋಶ ಡಿಎನ್‌ಎಯನ್ನು ಲಕ್ಷ ಪಟ್ಟು ಹೆಚ್ಚಿಸಿಕೊಳ್ಳುವುದು ನಿಜ. ಆದರೆ ಹೆಚ್ಚಿಸುವುದು ಇಡೀ ಡಿಎನ್‌ಎಯನ್ನು, ರೇಷ್ಮೆಯ ಜೀನ್‌ಗೆಂದು ಪ್ರತ್ಯೇಕ ಮರ್ಯಾದೆಯಿಲ್ಲ. ವ್ಯತ್ಯಾಸ ಇರುವುದು ಜೀನ್‌ಗಳ ಎಣಿಕೆಯಲ್ಲಲ್ಲ, ಬಳಕೆಯಲ್ಲಿ.

ಆ ಬಳಕೆಯ ಪ್ರಮಾಣ ಬೆರಗು ಹುಟ್ಟಿಸುವಂಥದ್ದು. ಒಂದು ಫೈಬ್ರೊಯಿನ್ ಜೀನ್ ಸುಮಾರು 10 ಸಾವಿರ ಎಂಆರ್‌ಎನ್‌ಎ ಪ್ರತಿಗಳನ್ನು ತೆಗೆಯುತ್ತದೆ. ಪ್ರತಿಯೊಂದು ಎಂಆರ್‌ಎನ್‌ಎಯಿಂದ ಸುಮಾರು 1 ಲಕ್ಷ ಪ್ರೋಟೀನ್ ಅಣುಗಳು ತಯಾರಾಗುತ್ತವೆ. ಗುಣಿಸಿದರೆ ಒಂದೇ ಜೀನ್‌ನಿಂದ 100 ಕೋಟಿ ಅಣುಗಳು, ಅದೂ ನಾಲ್ಕೇ ದಿನದಲ್ಲಿ. ಅಂಥ ಜೀನ್‌ನ ಲಕ್ಷಗಟ್ಟಲೆ ಪ್ರತಿಗಳು ಒಂದು ಕೋಶದಲ್ಲಿ, ಅಂಥ ಕೋಶಗಳು ನೂರಾರು. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿ ಹುಳುವಿನ ಗೂಡೊಂದರಲ್ಲಿ ಸಾವಿರ ಮೀಟರಿಗೂ ಮೀರಿದ ಎಳೆ ಸಿಗುವುದು ಇದರಿಂದಲೇ.

ನಕಲಿನಿಂದ ನೂಲಿನವರೆಗೆ

ಜೀನ್ ಕೆಲಸಕ್ಕೆ ಇಳಿಯುವುದೆಂದರೆ ನಿಖರವಾಗಿ ಏನಾಗುತ್ತದೆ? ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಮೂಲ ದಾಖಲೆಯನ್ನು ಯಾರ ಕೈಗೂ ಕೊಡುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ, ವ್ಯವಹಾರವೆಲ್ಲ ನಕಲಿನಲ್ಲೇ ನಡೆಯುತ್ತದೆ. ಕೋಶದ ಶಿಸ್ತೂ ಅದೇ. ಡಿಎನ್‌ಎ ಕೋಶಕೇಂದ್ರ ಬಿಟ್ಟು ಕದಲುವುದಿಲ್ಲ. ಬೇಕಾದ ಜೀನ್‌ನ ಆರ್‌ಎನ್‌ಎ ಪ್ರತಿಯಷ್ಟೇ ಹೊರಗೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಚೂರಾಗಿ ಅಳಿಯುತ್ತದೆ.

ಪ್ರತಿ ತೆಗೆಯುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಎಲ್ಲಿಂದ ಶುರು ಮಾಡಬೇಕೆಂದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಪ್ರತಿ ಜೀನ್‌ನ ಮುಂದೆ ಪ್ರಮೋಟರ್ ಎಂಬ ಡಿಎನ್‌ಎ ಭಾಗವಿದೆ. ನಿಯಂತ್ರಕ ಪ್ರೋಟೀನುಗಳು ಅಲ್ಲಿ ಬಂದು ಕೂತರೆ ಕಿಣ್ವಕ್ಕೆ ದಾರಿ, ಇಲ್ಲದಿದ್ದರೆ ಜೀನ್ ಮೌನ. ಕಾಲಿನ ಕೋಶದಲ್ಲಿ ರೇಷ್ಮೆಯ ಜೀನ್ ಇದೆ, ಅದರ ಪ್ರಮೋಟರೂ ಇದೆ. ಇಲ್ಲದಿರುವುದು ಅದನ್ನು ಗುರುತಿಸಿ ಕೂರಬೇಕಾದ ನಿಯಂತ್ರಕಗಳ ಸರಿಯಾದ ಕೂಟ. ಇದಕ್ಕೆ ಸೊಗಸಾದ ಪುರಾವೆ 2003ರಲ್ಲಿ ಸಿಕ್ಕಿತು. ಜಪಾನಿನ ವಿಜ್ಞಾನಿಗಳು ಮನುಷ್ಯನ ಕೊಲಾಜೆನ್ ಪ್ರೋಟೀನಿನ ಭಾಗವೊಂದರ ಜೀನ್ ಅನ್ನು ಫೈಬ್ರೊಯಿನ್‌ನ ಪ್ರಮೋಟರಿಗೆ ಜೋಡಿಸಿ ಹುಳುವಿನ ಡಿಎನ್‌ಎಯಲ್ಲಿ ಸೇರಿಸಿದರು. ಆ ಹುಳುಗಳು ಕಟ್ಟಿದ ಗೂಡಿನ ರೇಷ್ಮೆಯಲ್ಲಿ ಮನುಷ್ಯನ ಪ್ರೋಟೀನು ಬಂತು. ಜೀನ್ ಯಾರದ್ದಾದರೂ ಇರಲಿ, ಅದು ಎಲ್ಲಿ ನಡೆಯಬೇಕೆಂಬುದನ್ನು ಮುಂದಿರುವ ಪ್ರಮೋಟರ್ ನಿರ್ಧರಿಸಿತು.

ಹೀಗೆ ತೆಗೆದ ಪ್ರತಿ ಕೂಡಲೇ ಬಳಕೆಗೆ ಬರುವುದಿಲ್ಲ. ಜೀನ್‌ನ ನಡುವೆ ಪ್ರೋಟೀನ್‌ಗೆ ಬೇಕಿಲ್ಲದ ತುಂಡುಗಳಿರುತ್ತವೆ. ಅವನ್ನು ಇಂಟ್ರಾನ್ ಎನ್ನುತ್ತಾರೆ. ಬೇಕಾದ ತುಂಡುಗಳು ಎಕ್ಸಾನ್. ಇಂಟ್ರಾನನ್ನು ಕತ್ತರಿಸಿ, ಎಕ್ಸಾನ್‌ಗಳನ್ನು ಬೆಸೆದ ಮೇಲೆಯೇ ಎಂಆರ್‌ಎನ್‌ಎ ಪಕ್ವವಾಗುವುದು. ಫೈಬ್ರೊಯಿನ್‌ನಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಸರಪಣಿ ಇವೆ; ದೊಡ್ಡದರ ಜೀನ್‌ನಲ್ಲಿ ಇಂಟ್ರಾನ್ ಒಂದೇ. ಆದರೆ ಎಳೆಯ ಮೇಲಿನ ಅಂಟಾದ ಸೆರಿಸಿನ್‌ನ ಒಂದು ಜೀನ್‌ನಲ್ಲಿ ಹಲವು ತುಂಡುಗಳಿದ್ದು, ಕತ್ತರಿಸಿ ಬೆಸೆಯುವ ರೀತಿ ಬದಲಾದಂತೆ ಒಂದೇ ಜೀನ್‌ನಿಂದ ಬೇರೆಬೇರೆ ಉದ್ದದ ಎಂಆರ್‌ಎನ್‌ಎಗಳು ಹೊರಡುತ್ತವೆ. ಒಂದು ಜೀನ್‌ಗೆ ಒಂದೇ ಪ್ರೋಟೀನು ಎಂಬ ಹಳೆಯ ಸರಳ ಸೂತ್ರ ಇಲ್ಲಿ ನಿಲ್ಲುವುದಿಲ್ಲ.

ಕೋಶಕೇಂದ್ರದ ಪೊರೆಯಲ್ಲಿರುವ ರಂಧ್ರಗಳ ಮೂಲಕ ಹೊರಬಂದ ಎಂಆರ್‌ಎನ್‌ಎಯನ್ನು ರೈಬೋಸೋಮುಗಳು ಹಿಡಿಯುತ್ತವೆ. ಮೂರು ಮೂರು ಅಕ್ಷರಗಳನ್ನು ಒಟ್ಟಾಗಿ ಓದುತ್ತ ಒಂದೊಂದೇ ಅಮೈನೋ ಆಮ್ಲವನ್ನು ಜೋಡಿಸುತ್ತ ಹೋಗುತ್ತವೆ. ಫೈಬ್ರೊಯಿನ್‌ನ ದೊಡ್ಡ ಸರಪಣಿಯಲ್ಲಿ 5,263 ಅಮೈನೋ ಆಮ್ಲಗಳು. ಅಂದರೆ ಓದಬೇಕಾದ ಅಕ್ಷರಗಳೇ 15 ಸಾವಿರಕ್ಕೂ ಹೆಚ್ಚು. ಒಂದು ರೈಬೋಸೋಮ್ ಮುಂದೆ ಸಾಗುತ್ತಿದ್ದಂತೆ ಅದರ ಹಿಂದೆಯೇ ಇನ್ನೊಂದು, ಮತ್ತೊಂದು ಎಂದು ಒಂದೇ ಎಂಆರ್‌ಎನ್‌ಎಯನ್ನು ಹಲವು ರೈಬೋಸೋಮುಗಳು ಏಕಕಾಲಕ್ಕೆ ಓದುತ್ತವೆ.

ಪ್ರತಿಯೊಂದು ಅಮೈನೋ ಆಮ್ಲವನ್ನೂ ಹೊತ್ತು ತರಲು ಟಿಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಗಳಿವೆ. ಗ್ಲೈಸೀನ್, ಅಲನೀನ್ ವಿಪರೀತ ಬೇಕಾದ ರೇಷ್ಮೆಯ ಕೋಶದಲ್ಲಿ ಅವುಗಳನ್ನು ಹೊರುವವರು ಸಾಲದೆ ಹೋದರೆ ಕೆಲಸ ನಿಂತುಹೋಗುತ್ತದೆ. ಆದ್ದರಿಂದ ಗ್ರಂಥಿಯ ಹಿಂಭಾಗದ ಕೋಶಗಳು ಫೈಬ್ರೊಯಿನ್‌ಗೆ ತಕ್ಕ ಪ್ರಮಾಣದಲ್ಲಿಯೇ ಗ್ಲೈಸೀನ್, ಅಲನೀನ್, ಸೆರೀನ್‌ಗಳ ಟಿಆರ್‌ಎನ್‌ಎಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಅಲನೀನ್‌ಗಂತೂ ರೇಷ್ಮೆ ಗ್ರಂಥಿಯಲ್ಲಿ ಮಾತ್ರ ಕಾಣಿಸುವ ಪ್ರತ್ಯೇಕ ಟಿಆರ್‌ಎನ್‌ಎಯೇ ಇದೆ. ಒಂದು ಜೀನ್ ಚಾಲೂ ಆದರೆ ಸಾಲದು, ಅದರ ಬೆನ್ನಿಗೆ ನಿಲ್ಲುವ ಜೀನ್‌ಗಳೂ ಜೊತೆಯಲ್ಲೇ ಏಳಬೇಕು.

ಎಲ್ಲ ಸರಿಯಾಗಿ ನಡೆದರೂ ಕೊನೆಯ ಹಂತದಲ್ಲಿ ಎಡವಬಹುದು. ಫೈಬ್ರೊಯಿನ್‌ನಲ್ಲಿ ದೊಡ್ಡ ಸರಪಣಿಯ ಜೊತೆಗೆ ಚಿಕ್ಕ ಸರಪಣಿಯೊಂದಿದೆ; ಅದು ಬೇರೆ ಕ್ರೋಮೋಸೋಮಿನ ಬೇರೆ ಜೀನ್‌ನ ಉತ್ಪನ್ನ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನೊಳಗೆ ಇವೆರಡೂ ಗಂಧಕದ ಬಂಧದಿಂದ ಜೋಡಿಯಾದರೆ ಮಾತ್ರ ಮುಂದಿನ ಪ್ರಯಾಣ. ಕೆಲವು ವಿಕೃತ ತಳಿಯ ಹುಳುಗಳಲ್ಲಿ ಚಿಕ್ಕ ಸರಪಣಿಯ ಜೀನ್ ಕೆಟ್ಟಿರುತ್ತದೆ. ದೊಡ್ಡ ಸರಪಣಿಯ ಜೀನ್ ಚೆನ್ನಾಗಿದೆ, ಪ್ರತಿಯೂ ತೆಗೆದಾಗಿದೆ, ಪ್ರೋಟೀನೂ ತಯಾರಾಗಿದೆ. ಆದರೆ ಜೋಡಿ ಸಿಗದ್ದರಿಂದ ಅದು ಕೋಶದೊಳಗೇ ಉಳಿಯುತ್ತದೆ. ಆ ಹುಳು ಕಟ್ಟುವ ಗೂಡಿನಲ್ಲಿ ಇರುವುದೆಲ್ಲ ಸೆರಿಸಿನ್ ಅಂಟಿನ ತೆಳ್ಳನೆಯ ಪದರ, ಬಿಚ್ಚಲು ನೂಲೇ ಇಲ್ಲ. ಒಳ್ಳೆಯ ಜೀನ್ ಇದ್ದೂ ಫಲ ಸೊನ್ನೆ.

ಜೋಡಿಯಾದ ಫೈಬ್ರೊಯಿನ್ ಗಾಲ್ಗಿಯ ಮೂಲಕ ಸಾಗಿ ಗ್ರಂಥಿಯ ಕೊಳವೆಗೆ ಬೀಳುತ್ತದೆ. ಅಲ್ಲಿಂದ ಮುಂದಕ್ಕೆ ಜಾರಿ ಗ್ರಂಥಿಯ ಮಧ್ಯಭಾಗಕ್ಕೆ ಬಂದಾಗ, ಅಲ್ಲಿನ ಕೋಶಗಳು ಸುರಿಸುವ ಸೆರಿಸಿನ್ ಅದರ ಮೇಲೆ ಲೇಪವಾಗುತ್ತದೆ. ಎರಡೂ ಗ್ರಂಥಿಗಳ ಎಳೆಗಳು ಬಾಯಿಯ ಬಳಿ ಕೂಡಿ ಒಂದಾಗಿ ಹೊರಬರುತ್ತವೆ. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಈ ಸೆರಿಸಿನ್ ಮೆತ್ತಗಾಗಲೆಂದೇ.

ಗ್ರಂಥಿಯ ಹಿಂಭಾಗ ಫೈಬ್ರೊಯಿನ್, ಮಧ್ಯಭಾಗ ಸೆರಿಸಿನ್ ಎಂದು ಹಂಚಿಕೊಟ್ಟವರು ಯಾರು? ಅಲ್ಲಿಯೂ ನಿಯಂತ್ರಕ ಪ್ರೋಟೀನುಗಳೇ. ಆಂಟೆನಪೀಡಿಯಾ ಎಂಬ ನಿಯಂತ್ರಕ ಮಧ್ಯಭಾಗದಲ್ಲಿ ಸೆರಿಸಿನ್ ಜೀನನ್ನು ಏಳಿಸುತ್ತದೆ. ಈ ನಿಯಂತ್ರಕವನ್ನು ಹಿಂಭಾಗದ ಕೋಶಗಳಲ್ಲಿ ಪ್ರಯೋಗಕ್ಕಾಗಿ ತಯಾರಿಸಿದಾಗ, ಎಂದೂ ಸೆರಿಸಿನ್ ಮಾಡದ ಆ ಕೋಶಗಳಲ್ಲೂ ಸೆರಿಸಿನ್ ಜೀನ್ ಎದ್ದಿತು. ಹಣ್ಣುನೊಣದಲ್ಲಿ ಇದೇ ಜೀನ್ ತಪ್ಪು ಜಾಗದಲ್ಲಿ ನಡೆದರೆ ತಲೆಯ ಮೇಲೆ ಕುಡಿಮೀಸೆ ಇರಬೇಕಾದಲ್ಲಿ ಕಾಲು ಮೂಡುತ್ತದೆ.

ಯಾವಾಗ ಎಂಬ ಪ್ರಶ್ನೆ

ಎಲ್ಲಿ ಎಂಬುದರಷ್ಟೇ ಮುಖ್ಯ ಯಾವಾಗ ಎಂಬುದು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಫೈಬ್ರೊಯಿನ್ ಜೀನ್ ಸುಮ್ಮನಾಗುತ್ತದೆ, ಹಳೆಯ ಎಂಆರ್‌ಎನ್‌ಎಗಳೂ ಅಳಿಯುತ್ತವೆ. ಜ್ವರದಿಂದ ಎದ್ದು ಮತ್ತೆ ಸೊಪ್ಪು ಮುಟ್ಟಿದಾಗ ಜೀನ್ ಮತ್ತೆ ಚಾಲೂ. ನಾಲ್ಕನೇ ಜ್ವರ ಎದ್ದ ಮೇಲಿನ ಐದನೇ ಹಂತದಲ್ಲಿ ಹುಳು ತನ್ನ ಜೀವಮಾನದ ಮೇವಿನಲ್ಲಿ ಶೇ 80ಕ್ಕಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಮನೆಮಂದಿಯೆಲ್ಲ ಹಗಲು ರಾತ್ರಿ ಸೊಪ್ಪು ಹೊರುವ ಕಾಲ ಅದು. ಫೈಬ್ರೊಯಿನ್ ಜೀನ್ ಪೂರ್ತಿ ಭರದಲ್ಲಿ ನಡೆಯುವುದೂ ಆಗಲೇ. ಜೀನ್ ಎಷ್ಟೇ ಎಚ್ಚರವಾಗಿದ್ದರೂ ಸೊಪ್ಪಿನಿಂದ ಅಮೈನೋ ಆಮ್ಲ ಬರದಿದ್ದರೆ ರೈಬೋಸೋಮಿಗೆ ಜೋಡಿಸಲು ಏನಿದೆ? ಬಡಕಲು ಸೊಪ್ಪು ತಿಂದ ಒಳ್ಳೆಯ ತಳಿಯ ಹುಳುವೂ ಜೊಳ್ಳು ಗೂಡು ಕಟ್ಟುತ್ತದೆ.

ಈ ವೇಳಾಪಟ್ಟಿ ನಡೆಸುವುದು ಎರಡು ಹಾರ್ಮೋನುಗಳು: ಹುಳುವನ್ನು ಎಳೆಯದಾಗಿಯೇ ಇರಿಸುವ ಜುವೆನೈಲ್ ಹಾರ್ಮೋನ್, ಪೊರೆ ಕಳಚಿಸುವ ಮತ್ತು ಕೊನೆಗೆ ಹಣ್ಣಾಗಿಸುವ ಎಕ್ಡೈಸೋನ್. ಎಕ್ಡೈಸೋನ್ ಅನ್ನು ಮೊದಲು ಹರಳಾಗಿ ಬೇರ್ಪಡಿಸಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್ಸನ್. 1954ರಲ್ಲಿ 500 ಕಿಲೊ ರೇಷ್ಮೆ ಹುಳುವಿನ ಕೋಶಾವಸ್ಥೆಗಳನ್ನು ಅರೆದು ಅವರು ಪಡೆದದ್ದು 25 ಮಿಲಿಗ್ರಾಂ. ಆರು ವರ್ಷದ ಮೇಲೆ ಕಾರ್ಲ್ಸನ್ ಮತ್ತು ಉಲ್ರಿಕ್ ಕ್ಲೆವರ್ ಇದೇ ಹಾರ್ಮೋನನ್ನು ಕೈರೊನೊಮಸ್ ಎಂಬ ನೊಣಜಾತಿಯ ಮರಿಹುಳುಗಳಿಗೆ ಚುಚ್ಚಿ, ಅವುಗಳ ದೈತ್ಯ ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದು ಗಂಟೆ ತುಂಬುವ ಮೊದಲೇ ನಿರ್ದಿಷ್ಟ ಜಾಗಗಳಲ್ಲಿ ಕ್ರೋಮೋಸೋಮ್ ಉಬ್ಬಿಕೊಂಡಿತ್ತು. ಆ ಉಬ್ಬುಗಳು ಪ್ರತಿ ತೆಗೆಯಲು ತೆರೆದುಕೊಂಡ ಜೀನ್‌ಗಳು. ಹಾರ್ಮೋನು ನೇರವಾಗಿ ಜೀನ್‌ಗಳನ್ನೇ ಏಳಿಸುತ್ತದೆ ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಅದು. ಇಂದು ನಮ್ಮ ಬೆಳೆಗಾರರಲ್ಲಿ ಹಲವರು ಹುಳುಗಳು ಒಟ್ಟಿಗೆ ಹಣ್ಣಾಗಲೆಂದು ಕೊನೆಯ ಸೊಪ್ಪಿಗೆ ಗಿಡಮೂಲದ ದ್ರಾವಣ ಸಿಂಪಡಿಸುತ್ತಾರೆ. ಅದರಲ್ಲಿರುವುದು ಎಕ್ಡೈಸೋನ್ ಜಾತಿಯ ರಾಸಾಯನಿಕವೇ. ಹುಳುಮನೆಯಲ್ಲಿ ನಡೆಯುವ ಈ ಸಿಂಪಡಣೆ ಜೀನ್ ಅಭಿವ್ಯಕ್ತಿಯ ನಿಯಂತ್ರಣವಲ್ಲದೆ ಬೇರೇನಲ್ಲ.

ಹಳದಿ ಗೂಡು, ಬಿಳಿ ಗೂಡು

ಜೀನ್‌ನ ನಡೆಯನ್ನು ಬರಿಗಣ್ಣಿನಲ್ಲಿ ನೋಡಬೇಕಾದರೆ ಗೂಡಿನ ಮಾರುಕಟ್ಟೆಯ ಬಣ್ಣ ಸಾಕು. ದ್ವಿತಳಿಯ ಗೂಡು ಬಿಳಿ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿಯ ಗೂಡು ಹಳದಿ. ಹಳದಿಯು ಬಿಳಿಯ ಮೇಲೆ ಮೇಲುಗೈ ಪಡೆಯುತ್ತದೆ ಎಂಬ ಅನುವಂಶೀಯ ನಿಯಮವನ್ನು ಜಪಾನಿನ ಟೊಯಾಮಾ ಕಮೆಟಾರೊ 1906ರಲ್ಲೇ ಪ್ರಕಟಿಸಿದ್ದರು. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡದ್ದು ಕೀಟದಲ್ಲೂ ನಿಜವೆಂದು ತೋರಿದ ಕೆಲಸ ಅದು.

ಆದರೆ ಹಳದಿಯ ಜೀನ್ ಮಾಡುವುದೇನು? ಹುಳುವಿಗೆ ಹಳದಿ ಬಣ್ಣವನ್ನು ತಯಾರಿಸುವುದು ಗೊತ್ತಿಲ್ಲ. ಬಣ್ಣ ಹಿಪ್ಪುನೇರಳೆ ಸೊಪ್ಪಿನದು, ಅದರಲ್ಲಿರುವ ಕ್ಯಾರೋಟಿನಾಯ್ಡ್‌ಗಳದು. ಕರುಳಿನ ಕೋಶಗಳು ಅದನ್ನು ಹೀರಿಕೊಂಡು ರಕ್ತಕ್ಕೆ ಸೇರಿಸಬೇಕು, ರೇಷ್ಮೆ ಗ್ರಂಥಿ ಅದನ್ನು ರಕ್ತದಿಂದ ಎತ್ತಿಕೊಳ್ಳಬೇಕು. ಜಪಾನಿನ ಸಂಶೋಧಕರು 2007ರಲ್ಲಿ ತೋರಿಸಿದಂತೆ, ‘ಹಳದಿ ರಕ್ತ’ದ ಜೀನ್‌ನಿಂದ ಆಗುವುದು ಕ್ಯಾರೋಟಿನಾಯ್ಡ್ ಹಿಡಿಯುವ ಒಂದು ಪ್ರೋಟೀನು. ಅವರು ಪರೀಕ್ಷಿಸಿದ ಬಿಳಿ ತಳಿಯಲ್ಲಿ ಆ ಜೀನ್ ಮಾಯವಾಗಿರಲಿಲ್ಲ. ಜಿಗಿದಾಡುವ ಡಿಎನ್‌ಎ ತುಂಡೊಂದರ ದೆಸೆಯಿಂದ ಜೀನ್‌ನ ಒಂದು ಭಾಗ ಕಳೆದುಹೋಗಿ, ಎಂಆರ್‌ಎನ್‌ಎಯನ್ನು ಬೆಸೆಯುವಾಗ ಒಂದು ಎಕ್ಸಾನ್ ಬಿಟ್ಟುಹೋಗುತ್ತಿತ್ತು. ಪ್ರತಿ ಹೊರಡುತ್ತದೆ, ಆದರೆ ಕೆಲಸಕ್ಕೆ ಬಾರದ ಪ್ರತಿ. ಸರಿಯಾದ ಜೀನ್ ಸೇರಿಸಿದಾಗ ಬಿಳಿ ತಳಿಯ ಗೂಡಿಗೆ ಬಣ್ಣ ಬಂತು. ಮಿಶ್ರತಳಿ ಹಳದಿಯಾಗುವುದೇಕೆಂಬುದೂ ಇದರಿಂದ ಬಿಡಿಸಿಕೊಳ್ಳುತ್ತದೆ: ತಂದೆಯಿಂದ ಕೆಟ್ಟದ್ದು ಬಂದರೂ ತಾಯಿಯಿಂದ ಬಂದ ಒಂದು ಒಳ್ಳೆಯ ಜೀನ್ ಸಾಕು, ಪ್ರೋಟೀನು ತಯಾರಾಗುತ್ತದೆ. ಈ ಬಣ್ಣ ಕೂರುವುದು ಬಹುಪಾಲು ಸೆರಿಸಿನ್ ಪದರದಲ್ಲಿ. ಅಂಟು ತೆಗೆದರೆ ಹಳದಿಯೂ ಹೋಗುತ್ತದೆ.

ಮನುಷ್ಯರ ಮಾತು

ಹುಳುವಿನಲ್ಲಿ ಕಂಡದ್ದು ನಮ್ಮ ಮೈಗೂ ಹಾಗೆಯೇ ಒಪ್ಪುತ್ತದೆ. ಇನ್ಸುಲಿನ್ ಜೀನ್ ಕಿವಿಯ ಚರ್ಮದಲ್ಲೂ ಇದೆ, ಇನ್ಸುಲಿನ್ ಬರುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಿಂದ. ಇದಕ್ಕಿಂತ ದೊಡ್ಡ ಪಾಠ ಸಿಕಲ್ ಸೆಲ್ ಕಾಯಿಲೆಯಲ್ಲಿದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕಾಣುವ ರೋಗವಿದು. ಹಿಮೋಗ್ಲೋಬಿನ್‌ನ ಬೀಟಾ ಸರಪಣಿಯ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುತ್ತವೆ. ಆದರೆ ತಾಯಿಯ ಗರ್ಭದಲ್ಲಿದ್ದಾಗ ನಮಗೆಲ್ಲ ಹಿಮೋಗ್ಲೋಬಿನ್ ಒದಗಿಸುವ ಜೀನ್ ಬೇರೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ಮೌನವಾಗುತ್ತದೆ, ಮಾಯವಾಗುವುದಿಲ್ಲ. ಅದನ್ನು ಮೌನವಾಗಿಸುವ ನಿಯಂತ್ರಕಗಳಲ್ಲಿ ಮುಖ್ಯವಾದದ್ದು ಬಿಸಿಎಲ್11ಎ ಎಂಬ ಪ್ರೋಟೀನು. ಬ್ರಿಟನ್ ಮತ್ತು ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆ ಕೆಟ್ಟ ಜೀನ್ ಅನ್ನು ಮುಟ್ಟುವುದೇ ಇಲ್ಲ. ರೋಗಿಯ ರಕ್ತಮೂಲ ಕೋಶಗಳಲ್ಲಿ ಬಿಸಿಎಲ್11ಎಯ ಉತ್ಪಾದನೆಯನ್ನು, ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ತಗ್ಗಿಸುತ್ತದೆ. ಗರ್ಭದ ದಿನಗಳ ಜೀನ್ ಮತ್ತೆ ಏಳುತ್ತದೆ. ಚಿಕಿತ್ಸೆ ಈಗಿನ ಮಟ್ಟಿಗೆ ಬಡವರ ಕೈಗೆಟುಕುವಂಥದ್ದಲ್ಲ. ಅದರ ಹಿಂದಿನ ತರ್ಕವನ್ನು ಮಾತ್ರ ಎಲ್ಲರೂ ಗಮನಿಸಬೇಕು. ಹುಟ್ಟಿನಿಂದ ಬಂದ ಕೆಟ್ಟ ಜೀನ್ ಹಾಗೆಯೇ ಇದ್ದೂ, ಮಲಗಿದ್ದ ಇನ್ನೊಂದನ್ನು ಎಬ್ಬಿಸಿ ರೋಗವನ್ನು ಹಿಡಿತಕ್ಕೆ ತರಬಹುದು.

ಆದ್ದರಿಂದ ‘ಇಂಥದ್ದರ ಜೀನ್ ಸಿಕ್ಕಿತು’ ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಅದು ಯಾವ ಕೋಶದಲ್ಲಿ ನಡೆಯುತ್ತದೆ? ಯಾವಾಗ ನಡೆಯುತ್ತದೆ? ಎಷ್ಟು ನಡೆಯುತ್ತದೆ? ಈ ಮೂರಕ್ಕೆ ಉತ್ತರವಿಲ್ಲದೆ ಜೀನ್‌ನ ಹೆಸರಷ್ಟೇ ಹೇಳುವ ಸುದ್ದಿ ಅರ್ಧ ಸುದ್ದಿ. ಜೀನ್ ಪರೀಕ್ಷೆಯ ವರದಿ ಹಿಡಿದು ಭವಿಷ್ಯ ಹೇಳುವ ವ್ಯಾಪಾರ ನಮ್ಮ ಊರುಗಳಿಗೂ ಕಾಲಿಟ್ಟಿರುವ ಈ ಹೊತ್ತಿನಲ್ಲಿ, ಉಳಿದರ್ಧವನ್ನು ಕೇಳಿ ಪಡೆಯುವ ಹಕ್ಕು ಓದುಗರಿಗೂ ಇದೆ, ರೋಗಿಗಳಿಗೂ ಇದೆ.